ಎರಡು ನಡಿಗೆಯ ಪಿಕಪ್ಪು

ಸೇತುವೆ ದಾಟಿ ಇನ್ನೂರು ಹೆಜ್ಜೆ ಆಚೆ, ರಸ್ತೆಯಿಂದ ಇಳಿದು, ನಮ್ಮೂರ ನಸ್ರಾಳ ಪಿಕಪ್ಪು ಮುಳ್ಳುಕಂಟಿಗೆ ಮೂತಿ ಕೊಟ್ಟು ನಿಂತಿತ್ತು.

ಬುಧವಾರ, ಬೆಳಗಿನ ಆರು ಗಂಟೆ. ಗಾಜು ಒಡೆದಿರಲಿಲ್ಲ. ರಕ್ತ ಇರಲಿಲ್ಲ. ಎಂಜಿನ್ನೂ ನಿಂತಿತ್ತು. ನಸ್ರಾ ಮಾತ್ರ ಸ್ಟೇರಿಂಗನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದು ಕೂತೇ ಇದ್ದಳು. ಬಿಡಿಸಿಕೊಳ್ಳಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಆ ದಾರಿಯಲ್ಲಿ ಮೊದಲು ಬಂದವರು ನಾನು ಮತ್ತು ಊರಿಗೆಲ್ಲ ಚಿಕ್ಕಪ್ಪನಾದ ನನ್ನ ಭಾವ ಮುಸಲ್ಲಮ್. ಭಾವ ಪೊಲೀಸು ಇಲಾಖೆಯಲ್ಲಿ ಮೂವತ್ತು ವರ್ಷ ಹೆಜ್ಜೆಗುರುತು ಓದುವ ಕೆಲಸ ಮಾಡಿ ನಿವೃತ್ತರಾದವರು. ಮರಳಿನ ಮೇಲಿನ ಗುರುತು ನೋಡಿ ಕಳ್ಳನಿಗೆ ಯಾವ ಮಂಡಿ ನೋಯುತ್ತದೆ ಎಂದು ಹೇಳಬಲ್ಲರು. ಆದರೆ ಗಾಡಿ ಓಡಿಸಲು ಬಾರದು. ಲೈಸೆನ್ಸಿನ ಪರೀಕ್ಷೆಯಲ್ಲಿ ನಾಲ್ಕು ಸಲ ಡುಮ್ಕಿ ಹೊಡೆದಿದ್ದಾರೆ. ಹಾಗಾಗಿ ನಿವೃತ್ತ ಮೇಷ್ಟರಾದ ನಾನು ಅವರ ಡ್ರೈವರು. ಇದು ನನ್ನ ಅಕ್ಕನ ಆಜ್ಞೆ, ಅದಕ್ಕೆ ಎದುರಾಡುವ ಧೈರ್ಯ ನಮ್ಮೂರು ಬಿದಿಯಾದಲ್ಲಿ ಯಾರಿಗೂ ಇಲ್ಲ.

"ಏನಾಯ್ತು ಮಗಳೇ?" ಭಾವ ಕೇಳಿದರು.

"ಎಂಬತ್ತರಲ್ಲಿದ್ದೆ ಚಿಕ್ಕಪ್ಪ. ಸೇತುವೆ ಉಬ್ಬು ಹತ್ತಿ ಇಳೀತು ನೋಡಿ, ಸ್ಟೇರಿಂಗಿಗೆ ದೆವ್ವ ಹೊಕ್ಕ ಹಾಗೆ ಆಯ್ತು. ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ— ಹಲ್ಲೆಲ್ಲ ಕಟಕಟ ಅಂತಿತ್ತು. ಇದು ಮೂರನೇ ಸಲ."

ಹಿಂದೆ ಅವಳ ಕಂಬಳಿ, ಒಂಟೆಯ ಜೀನಿನ ಪಟ್ಟಿಗಳ ನಾಲ್ಕು ಹಗುರ ಗಂಟುಗಳಿದ್ದವು. ಇಬ್ರಾದಲ್ಲಿ ಬುಧವಾರದ ಹೆಂಗಸರ ಸಂತೆಗೆ ಹೊರಟಿದ್ದಳು. ನೇಯುವವಳೂ ಅವಳೇ, ಮಾರುವವಳೂ ಅವಳೇ.

ಅಷ್ಟರಲ್ಲಿ ನೆರೆಮನೆಯ ಮತರ್‌ನ ಕಾರಿನಲ್ಲಿ ಅವಳ ಗಂಡ ಹುವೈಶಿಲ್ ಬಂದ. ಇಳಿದವನೇ ಮೊದಲು ಬಂಪರ್ ನೋಡಿದ, ಆಮೇಲೆ ಹೆಂಡತಿಯನ್ನು. ನನಗೆ ಆ ಕ್ರಮ ಹಿಡಿಸಲಿಲ್ಲ. ಗಾಡಿಯ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ.

"ಇನ್ಮೇಲೆ ಸಂತೆಗೆ ಯಾರ ಜೊತೆಗಾದ್ರೂ ಹೋಗು. ಇದನ್ನ ಮುಟ್ಟಬೇಡ."

"ಗಾಡಿಯಲ್ಲೇ ಏನೋ ಇದೆ ಅಂತ ಹೇಳಿದ್ನಲ್ಲ—"

"ನಾನು ಓಡಿಸಿದ್ರೆ ನೂರರಲ್ಲೂ ಅಲುಗಲ್ಲ. ಇದೇ ಸೇತುವೆ, ಇದೇ ಉಬ್ಬು. ನೀನು ಕೂತಾಗ ಮಾತ್ರ ಯಾಕೆ?"

ಹುವೈಶಿಲ್ ಗಾಡಿಯನ್ನು ಮರಳಿನ ದಾರಿಗೆ ಇಳಿಸಿ, ನಿಧಾನವಾಗಿ ಮನೆ ಕಡೆಗೆ ಓಡಿಸಿಕೊಂಡು ಹೋದ. ಭಾವ ಮಾತ್ರ ಆ ಕಂಟಿಯ ಸುತ್ತ ಬಗ್ಗಿಕೊಂಡು ಓಡಾಡುತ್ತಿದ್ದರು.

"ಮೇಷ್ಟ್ರೇ, ಕಾಲು ತೆಗೀರಿ. ಗುರುತಿನ ಮೇಲೆ ನಿಂತಿದ್ದೀರಿ."

*

ಮಧ್ಯಾಹ್ನ ನಸ್ರಾ ನಮ್ಮ ಮನೆಗೆ ಬಂದಳು. ಅಕ್ಕ ಖರ್ಜೂರ, ಕಾಫಿ ಇಟ್ಟಳು. ನಸ್ರಾ ಖರ್ಜೂರ ಮುಟ್ಟಲಿಲ್ಲ.

ಹದಿಮೂರು ವರ್ಷದವಳಿದ್ದಾಗಿನಿಂದ ಮರಳಲ್ಲಿ ಗಾಡಿ ಓಡಿಸಿದವಳು ಅವಳು. ಅವಳ ಅಪ್ಪ ದಿಬ್ಬ ಹತ್ತಲಾಗದೆ ಕೈಚೆಲ್ಲಿದಾಗ ಇವಳು ಹತ್ತಿಸಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಕೀಲಿ ಹೋಯಿತೆಂದರೆ ಸಂತೆ ಹೋಯಿತು. ಆದರೆ ಅವಳನ್ನು ಕೊರೆಯುತ್ತಿದ್ದದ್ದು ಸಂತೆಯಲ್ಲ.

"ಮೊದಲನೇ ಸಲ ಗಾಡಿ ಮೇಲೆ ಸಿಟ್ಟು ಬಂತು ಚಿಕ್ಕಪ್ಪ. ಎರಡನೇ ಸಲ ಮನೆಯವರ ಮೇಲೆ. ಈಗ— ಈಗ ನನ್ನ ಕೈ ಮೇಲೆ ನನಗೇ ನಂಬಿಕೆ ಹೋಗ್ತಾ ಇದೆ."

ಭಾವ ಅವಳ ಲೋಟಕ್ಕೆ ಕಾಫಿ ಬಗ್ಗಿಸಿದರು. "ಯಾವಾಗಿಂದ ಶುರು?"

ಎರಡು ತಿಂಗಳಿಂದ, ಎಂದಳು. ಗಾಡಿಯನ್ನು ನಾಲ್ಕು ಇಂಚು ಎತ್ತರಿಸಿದ ಮೇಲೆ. ದಿಬ್ಬಗಳಿಗೆ ಹೊಟ್ಟೆ ತಾಗಬಾರದೆಂದು ಹುವೈಶಿಲ್ ಇಬ್ರಾದ ಮುರಾದ್‌ನ ಗ್ಯಾರೇಜಿನಲ್ಲಿ ಹೊಸ ಸ್ಪ್ರಿಂಗು ಹಾಕಿಸಿದ್ದ, ದೊಡ್ಡ ಟಯರು ಹಾಕಿಸಿದ್ದ.

"ಯಾರ ಮೇಲಾದ್ರೂ ಅನುಮಾನ ಇದೆಯಾ?"

ಅವಳು ತುಸು ಹಿಂಜರಿದಳು. ಹೋದ ವಾರ ಮತರ್ ಈ ಪಿಕಪ್ಪಿನ ಕೆಳಗೆ ಮಲಗಿದ್ದನ್ನು ಕಂಡಿದ್ದಳು. ಇವಳನ್ನು ನೋಡಿದ್ದೇ ತಡ, ಮೈ ಕೊಡವಿಕೊಂಡು ಓಡಿದ್ದ. ಮತರ್‌ನ ಒಂಟೆಗೂ ಹುವೈಶಿಲ್‌ನ ಒಂಟೆ ಸಮ್ಹಾಳಿಗೂ ಓಟದಲ್ಲಿ ಹಾವು-ಮುಂಗುಸಿಯ ಸಂಬಂಧ.

ಹೀಗೆ ನಮ್ಮ ಮುಂದೆ ಮೂರು ಹೆಸರುಗಳಿದ್ದವು. ಬೋಲ್ಟು ಸಡಿಲಿಸಿದ ನೆರೆಯವನೇ? ಕೆಲಸ ಕೆಡಿಸಿದ ಮೆಕ್ಯಾನಿಕ್ಕೇ? ಅಥವಾ, ಹೇಳಲು ನಾಲಿಗೆ ಬರುವುದಿಲ್ಲ, ನಸ್ರಾಳ ಕೈಯೇ?

*

ಮೊದಲು ಮತರ್. ಅವನು ಒಂಟೆಗೆ ಹುಲ್ಲು ಹಾಕುತ್ತಿದ್ದ. ಭಾವ ಸುತ್ತಿಬಳಸಲಿಲ್ಲ.

"ಹೋದ ವಾರ ಪರರ ಗಾಡಿ ಕೆಳಗೆ ಏನು ಕೆಲಸ ನಿನಗೆ?"

ಅವನ ಮುಖ ಕೆಂಪಾಯಿತು. ನಾನು ಬೋಲ್ಟು ಮುಟ್ಟಿಲ್ಲ, ಬೇಕಾದರೆ ಆಣೆ ಮಾಡುತ್ತೇನೆ, ಎಂದ. ಮತ್ತೇನು? ಕೊನೆಗೆ ಬಾಯಿ ಬಿಟ್ಟ. ಅಳತೆ ಪಟ್ಟಿ ಹಿಡಿದು ಸ್ಪ್ರಿಂಗು ಅಳೆಯುತ್ತಿದ್ದನಂತೆ.

"ಅವನು ನಾಲ್ಕು ಇಂಚು ಎತ್ತರಿಸಿದ್ರೆ ನಾನು ಐದು ಎತ್ತರಿಸೋಣ ಅಂತ. ದಯವಿಟ್ಟು ಹುವೈಶಿಲ್‌ಗೆ ಹೇಳಬೇಡಿ ಚಿಕ್ಕಪ್ಪ, ಜೀವಮಾನ ಪೂರ್ತಿ ಆಡಿಕೊಳ್ತಾನೆ."

ನನಗೆ ನಗು ತಡೆಯಲಾಗಲಿಲ್ಲ. ಭಾವ ಮಾತ್ರ ಗಂಭೀರವಾಗಿ ತಲೆಯಾಡಿಸಿ, ನಿಜ ಹೇಳುತ್ತಿದ್ದಾನೆ, ಎಂದು ಹೊರಟರು.

ಗುರುವಾರ ಬೆಳಗ್ಗೆ ಮುರಾದ್‌ನನ್ನೇ ಹುವೈಶಿಲ್‌ನ ಅಂಗಳಕ್ಕೆ ಕರೆಸಿದೆವು. ಬಲೂಚಿ ಯುವಕ, ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಮುಂದಿನ ಚಕ್ರ ಎತ್ತಿಸಿ ಅಲುಗಾಡಿಸಿದ. ಬೇರಿಂಗು ಸರಿ. ಸ್ಟೇರಿಂಗಿನ ಕೀಲುಗಳನ್ನು ಒಂದೊಂದಾಗಿ ಹಿಡಿದು ನೋಡಿದ. ಸವೆತವಿಲ್ಲ. ಮುಂದಿನ ಅಚ್ಚನ್ನು ಚಾಸಿಗೆ ಅಡ್ಡವಾಗಿ ಹಿಡಿದಿಡುವ ಸರಳು ಹೆಚ್ಚಾಗಿ ಕೈಕೊಡುವುದು ಅಲ್ಲೇ, ಅದರ ಬೋಲ್ಟಿನ ತೂತು ಅಗಲವಾಗುತ್ತದೆ ಎಂದ. ನನ್ನನ್ನು ಸೀಟಿನಲ್ಲಿ ಕೂರಿಸಿ ಸ್ಟೇರಿಂಗು ಆಚೀಚೆ ತಿರುಗಿಸಲು ಹೇಳಿ, ತಾನು ಕೆಳಗೆ ಮಲಗಿ ಕೈಯಿಟ್ಟು ನೋಡಿದ. ಕೂದಲೆಳೆಯಷ್ಟೂ ಆಟವಿಲ್ಲ. ಚಕ್ರದ ಒಳಮೈಯಲ್ಲಿ ಒಣಗಿದ ಕೆಸರು? ಅದೂ ಇಲ್ಲ. ಟಯರಿನ ಗಾಳಿ, ತೂಕದ ಬಿಲ್ಲೆ, ಎಲ್ಲ ಸರಿ.

"ಚಕ್ರಗಳ ಅಲೈನ್‌ಮೆಂಟು?" ಎಂದರು ಭಾವ.

"ನಾನೇ ಯಂತ್ರಕ್ಕೆ ಹಾಕಿ ನೋಡಿದ್ದು ಚಾಚಾ. ಒಂದು ಅಂಕಿ ಕೂಡ ಆಚೀಚೆ ಇರಲಿಲ್ಲ. ಚೀಟಿ ಇದೆ." ಅವನು ಜೇಬಿನಿಂದ ಮಡಚಿದ ಚೀಟಿ ತೆಗೆದು ತೋರಿಸಿದ.

ಹುವೈಶಿಲ್ ಗೋಡೆಗೆ ಒರಗಿ ನಿಂತಿದ್ದ. "ನಾನು ಆಗಲೇ ಹೇಳಿಲ್ವಾ? ಗಾಡಿ ಸರಿಯಾಗೇ ಇದೆ. ಇಂದು ಬೆಳಗ್ಗೆ ಕೂಡ ಒಂಟೆ ಓಟದ ಅಂಗಳಕ್ಕೆ ಹೋಗಿ ಬಂದೆ. ಬೆಣ್ಣೆ ಜಾರಿದ ಹಾಗೆ ಹೋಯ್ತು."

ನಸ್ರಾ ಬಾಗಿಲ ಬಳಿ ನಿಂತಿದ್ದಳು. ಒಳಗೆ ಹೋಗಲು ತಿರುಗಿದಳು. ನನಗೆ ಬಹಳ ಸಂಕಟವಾಯಿತು.

"ನಿಲ್ಲು ಮಗಳೇ," ಎಂದರು ಭಾವ. ಅವರು ಗಾಡಿ ನೋಡುತ್ತಿರಲಿಲ್ಲ. ಅಂಗಳದ ಮರಳು ನೋಡುತ್ತಿದ್ದರು. "ಹುವೈಶಿಲ್, ನಿನ್ನ ಹತ್ರ ಎಷ್ಟು ಗಾಡಿ ಇದೆ?"

"ಇದೊಂದೇ. ಗೊತ್ತಿಲ್ವಾ ನಿಮಗೆ?"

"ಮತ್ತೆ ಇಲ್ಲಿ ಎರಡು ನಡಿಗೆ ಇದೆಯಲ್ಲ."

ನಾವೆಲ್ಲ ಬಗ್ಗಿ ನೋಡಿದೆವು. ನನಗೆ ಕಂಡದ್ದು ಟಯರಿನ ಗುರುತು, ಅಷ್ಟೇ. ಭಾವ ಕೋಲಿನಿಂದ ತೋರಿಸಿದರು. ಇಂದು ಬೆಳಗಿನ ಗುರುತಿನಲ್ಲಿ ಹಿಂದಿನ ಟಯರು ಅಗಲವಾಗಿ ಚಪ್ಪಟೆಯಾಗಿ ಮರಳಲ್ಲಿ ಕೂತಿತ್ತು. ನಿನ್ನೆ ಗಾಡಿ ಮನೆಗೆ ಬಂದ ಗುರುತಿನಲ್ಲಿ, ಸೇತುವೆಯಾಚೆ ಕಂಡ ಹಾಗೇ, ಹಿಂದಿನದು ಕಿರಿದು, ಮೇಲೆಮೇಲೆ. ಮುಂದಿನ ಟಯರೇ ಅದಕ್ಕಿಂತ ಆಳವಾಗಿ ಊರಿತ್ತು.

"ಒಂದು ಪ್ರಶ್ನೆ. ಯೋಚನೆ ಮಾಡಿ ಹೇಳು. ಈ ಎರಡು ತಿಂಗಳಲ್ಲಿ, ಡಾಂಬರು ರಸ್ತೆ ಮೇಲೆ, ಎಂಬತ್ತು ದಾಟಿ, ನಿನ್ನ ಒಂಟೆ ಸಮ್ಹಾಳನ್ನ ಹಿಂದೆ ಕೂರಿಸಿಕೊಳ್ಳದೆ ಈ ಗಾಡಿ ಎಷ್ಟು ಸಲ ಓಡಿಸಿದ್ದೀಯ?"

ಹುವೈಶಿಲ್ ಬೆರಳು ಮಡಚಿ ಎಣಿಸಲು ಹೋದ. ಮೊದಲ ಬೆರಳೂ ಮಡಚಲಿಲ್ಲ.

"ಸಮ್ಹಾಳನ್ನ ಓಟಕ್ಕೆ ಕರ್ಕೊಂಡು ಹೋಗೋಕೆ ತಾನೇ ನಾನು ಗಾಡಿ ತೆಗೆಯೋದು," ಎಂದ ಕೊನೆಗೆ.

"ಹಾಗಾದ್ರೆ ಇವತ್ತು ಅವಳು ಮನೇಲಿರಲಿ. ನೀನು ಓಡಿಸು. ನಿನ್ನ ಪಕ್ಕ ನಸ್ರಾ, ಆ ಕಡೆ ನಾನು."

*

ನಾನೂ ಮುರಾದೂ ನನ್ನ ಕಾರಿನಲ್ಲಿ ದೂರ ಬಿಟ್ಟು ಹಿಂಬಾಲಿಸಿದೆವು. ರಸ್ತೆ ಖಾಲಿ. ಪಿಕಪ್ಪು ಎಂಬತ್ತಕ್ಕೆ ಏರಿತು. ಸೇತುವೆ ಬಂತು. ಉಬ್ಬು—

ಮುಂದಿನ ಚಕ್ರಗಳೆರಡೂ ಹುಚ್ಚೆದ್ದವು. ಇಡೀ ಮೂತಿ ಆಚೀಚೆ ಒದರಿತು. ಭಾವನಿಗೆ ಏನಾದರೂ ಆದರೆ ಅಕ್ಕನಿಗೆ ಏನು ಹೇಳಲಿ? ನಸ್ರಾಳ ಕೈ ಮುಂದೆ ಬಂದದ್ದು ಹಿಂದಿನ ಗಾಜಿನಿಂದ ಕಂಡಿತು. ಗಾಡಿ ನಿಧಾನವಾಯಿತು, ನಡುಕ ಇಳಿಯಿತು, ರಸ್ತೆ ಬದಿಯ ಕಲ್ಲುಹರಳಿನ ಮೇಲೆ ನಿಂತಿತು.

ನಾವು ಓಡಿ ಹೋದಾಗ ಹುವೈಶಿಲ್ ಸ್ಟೇರಿಂಗು ಹಿಡಿದು ಕೂತೇ ಇದ್ದ. ಬೆವರು ಗಡ್ಡದಿಂದ ಇಳಿಯುತ್ತಿತ್ತು. ಅವನು ಬ್ರೇಕನ್ನು ಅದುಮಿ ತುಳಿಯಲು ಹೋದಾಗ, ಬೇಡ, ಕಾಲು ತೆಗಿ, ತಾನಾಗೇ ನಿಧಾನ ಆಗ್ಲಿ, ಎಂದವಳು ನಸ್ರಾ. ಸ್ಟೇರಿಂಗಿನ ಮೇಲೆ ಅವಳ ಕೈಯೂ ಇತ್ತು. ಮೂರು ಸಲ ಅವಳು ಬದುಕಿ ಬಂದದ್ದು ಹೇಗೆಂದು ಆಗ ಎಲ್ಲರಿಗೂ ತಿಳಿಯಿತು.

ಭಾವ ಇಳಿದು ಮುಂಡಾಸು ಸರಿಮಾಡಿಕೊಂಡರು. "ಮುರಾದ್, ಅಲೈನ್‌ಮೆಂಟು ನೋಡಿದ ದಿನ ಸಮ್ಹಾ ಎಲ್ಲಿದ್ದಳು?"

ಮುರಾದ್ ನೆಲ ನೋಡಿದ. "ಹಿಂದೆ ಕೂತಿದ್ದಳು ಚಾಚಾ. ಇಳಿಸಿ ಅಂದೆ. ಓಟಕ್ಕೆ ಹೊತ್ತಾಯ್ತು, ಹಾಗೇ ನೋಡು ಅಂದ್ರು ಇವರು. ನಾನು ಒಪ್ಪಬಾರದಿತ್ತು."

"ಯಂತ್ರ ಸುಳ್ಳು ಹೇಳಲಿಲ್ಲ," ಎಂದರು ಭಾವ. "ಆದ್ರೆ ಒಂಟೆ ಕೂತ ಗಾಡಿಯ ನಿಜ ಹೇಳ್ತು. ನೋಡಿ, ಸೈಕಲ್ಲಿನ ಮುಂದಿನ ಕವಲು ಸ್ವಲ್ಪ ಹಿಂದಕ್ಕೆ ವಾಲಿರತ್ತೆ. ಅದಕ್ಕೇ ಕೈ ಬಿಟ್ಟರೂ ನೇರ ಹೋಗತ್ತೆ. ಅದನ್ನ ನೆಟ್ಟಗೆ ನಿಲ್ಲಿಸಿದ್ರೆ?"

"ಓಲಾಡತ್ತೆ," ಎಂದೆ ನಾನು, ತರಗತಿಯ ಹುಡುಗನ ಹಾಗೆ.

"ಗಾಡಿಗೂ ಅಷ್ಟೇ. ಎತ್ತರಿಸಿದಾಗ ಆ ವಾಲು ಕಡಿಮೆ ಆಗತ್ತೆ ಅಂತ ಮುರಾದೇ ಇಂದು ಬೆಳಗ್ಗೆ ಹೇಳ್ತಿದ್ದ. ಸರಿಮಾಡೋಕೆ ಮುಂದಿನ ಅಚ್ಚಿಗೆ ಬೇರೆ ಬುಷ್, ಅಂದ್ರೆ ವಾಲು ತಿದ್ದೋ ರಬ್ಬರ್ ಬಳೆ, ಹಾಕಬೇಕು. ಆದ್ರೆ ಅವತ್ತು ಸಮ್ಹಾಳ ಭಾರಕ್ಕೆ ಹಿಂಭಾಗ ಕುಸಿದು, ಮೂತಿ ಮೇಲೆದ್ದು, ವಾಲು ತಾನಾಗೇ ಸರಿಬಂತು. ಯಂತ್ರ ಸರಿ ಅಂತು. ಬುಷ್ ಹಾಕಲಿಲ್ಲ. ಅವಳು ಇಳಿದ ಕೂಡಲೇ ಹಿಂಭಾಗ ಎದ್ದಿತು, ವಾಲು ಹೋಯ್ತು. ಗಂಡ ಯಾವಾಗಲೂ ಒಂಟೆ ಜೊತೆ ಓಡಿಸಿದ. ಹೆಂಡತಿ ಯಾವಾಗಲೂ ನಾಲ್ಕು ಕಂಬಳಿ ಗಂಟಿನ ಜೊತೆ. ಬೋಲ್ಟು ನೋಡಿದ್ವಿ, ಟಯರು ನೋಡಿದ್ವಿ, ನಸ್ರಾಳ ಕೈ ನೋಡಿದ್ವಿ. ಹಿಂದೆ ಯಾರು ಕೂತಿದ್ದಾರೆ ಅಂತ ಯಾರೂ ನೋಡಲಿಲ್ಲ."

"ಅಂದ್ರೆ ತಪ್ಪು ಸಮ್ಹಾಳದ್ದಾ?" ಹುವೈಶಿಲ್‌ನ ಸ್ವರ ಸಣ್ಣಗಾಗಿತ್ತು.

"ಅವಳು ಪಾಪ, ಕೂರು ಅಂದಲ್ಲಿ ಕೂತಳು. ಇಳಿಸೋಕೆ ಪುರುಸೊತ್ತಿಲ್ಲ ಅಂದವನು ಯಾರು?"

ನಸ್ರಾ ಇಳಿದು ಸುತ್ತು ಬಂದು ಡ್ರೈವರ್ ಬಾಗಿಲು ತೆಗೆದಳು. ಹುವೈಶಿಲ್ ಸರಿದು ಕೂತ. ನಲವತ್ತರ ಮೇಲೆ ಹೋಗದೆ ಅವಳೇ ಗಾಡಿಯನ್ನು ಮನೆಗೆ ತಂದಳು.

*

ಭಾನುವಾರ ಮುರಾದ್ ಖಾಲಿ ಗಾಡಿಗೆ ಬುಷ್ ಹಾಕಿ, ಮತ್ತೆ ಯಂತ್ರಕ್ಕೇರಿಸಿದ. ಈ ಸಲ ಚೀಟಿಯನ್ನು ನಸ್ರಾಳ ಕೈಗೇ ಕೊಟ್ಟನಂತೆ.

ಬುಧವಾರ ಬೆಳಗ್ಗೆ ಹುವೈಶಿಲ್ ನಮ್ಮ ಮನೆ ಬಾಗಿಲಲ್ಲಿ ಹಾಜರಾದ. ಸೇತುವೆವರೆಗೆ ಬಿಡಿ ಮೇಷ್ಟ್ರೇ, ಎಂದ. ನಸ್ರಾ ಬರುವಾಗ ಅಲ್ಲಿ ನಿಲ್ಲಿಸಿ ಒಂದು ಮಾತು ಹೇಳಬೇಕು, ಮನೆಯಲ್ಲಿ ಹೇಳಲು ಬಾಯಿ ಬರುತ್ತಿಲ್ಲ. ಭಾವನೂ ಜೊತೆಗೆ ಹೊರಟರು, ಇಂಥದ್ದನ್ನು ಅವರು ತಪ್ಪಿಸಿಕೊಳ್ಳುವವರಲ್ಲ.

ಗಾಳಿಗೆ ರಸ್ತೆಯ ಮೇಲೆ ತೆಳ್ಳಗೆ ಮರಳು ಹರಡಿತ್ತು. ಹುವೈಶಿಲ್ ರಸ್ತೆ ಬದಿಯಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, ಕೈ ಎತ್ತಿದ. ಪಿಕಪ್ಪು ತೊಂಬತ್ತರಲ್ಲಿ ಉಬ್ಬು ಹತ್ತಿ ಇಳಿಯಿತು. ನಸ್ರಾ ಅವನನ್ನು ನೋಡಿದಳು, ನಕ್ಕಳು. ನಿಲ್ಲಿಸಲಿಲ್ಲ. ಸಂತೆಗೆ ಹೊತ್ತಾಗಿತ್ತು.

ಎತ್ತಿದ ಕೈ ಇಳಿಸದೇ ಅವನು ಹೊರಳಿ ಭಾವನನ್ನು ನೋಡಿದ. ಅವರು ಆಗಲೇ ಬಗ್ಗಿ, ಮರಳ ಮೇಲೆ ಮೂಡಿದ ಎರಡು ಗೆರೆ ಓದುತ್ತಿದ್ದರು.

"ಏನಂತೆ ಚಿಕ್ಕಪ್ಪ?"

"ನೇರ ಹೋಗಿದ್ದಾಳೆ. ಸಾಯಂಕಾಲ ಮನೆಗೆ ಬಂದಾಗ ಹೇಳು."