ಪದ್ಮಿನಿಯ ಗಾಜು ನುಂಗಿದ ಅಕ್ಷರ

2025ರ ಫೆಬ್ರವರಿ 8, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ.

ನಾಯಂಡಹಳ್ಳಿ ಮೆಟ್ರೋ ನಿಲ್ದಾಣದ ಹಿಂದಿನ ಗಲ್ಲಿಯ ಶೆಡ್ಡಿನಲ್ಲಿ ಧನ್ಯಶ್ರೀ ಬ್ಯಾಗಿನಿಂದ ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರ್ ತೆಗೆದು, ಹೊಸ ರಬ್ಬರಿನ ಅಂಚಿಗೆ ಕಚ್ಚಿಸಿದಳು.

"ಮೇಡಂ, ಅದು ರಬ್ಬರ್. ಚಿನ್ನ ಅಲ್ಲ."

ತಲೆಯೆತ್ತಿದಳು. ಕಾರಿನ ಆ ಬದಿಯಿಂದ ಎದ್ದು ಬಂದವನ ಕೈ ತುಂಬ, ರಬ್ಬರ್ ಜಾರಿಸಲು ಹಚ್ಚುವ ಸೋಪಿನ ನೊರೆ.

"ಚಿನ್ನವಾಗಿದ್ದರೆ ನಾನು ಇಷ್ಟು ಯೋಚನೆ ಮಾಡ್ತಿರಲಿಲ್ಲ. ದಪ್ಪ ಸರಿ ಇದೆ. ಉದ್ದ ಟೇಪಿನಲ್ಲಿ ನೋಡಿದೆ, ಬಾಗಿಲಿನ ಚೌಕಟ್ಟಿನ ಸುತ್ತಳತೆ ಮುನ್ನೂರ ಎರಡು ಸೆಂಟಿಮೀಟರ್ ಇದೆ. ನೀವು ಮುನ್ನೂರ ನಾಲ್ಕು ಕತ್ತರಿಸಿದ್ದೀರಿ!"

"ಹೌದು. ಬೇಕು ಅಂತಲೇ."

"ತಪ್ಪು ಅಳತೆಯನ್ನ ಬೇಕು ಅಂತಲೇ?"

ಅವನಿಗೆ ಕೋಪ ಬರಬೇಕಿತ್ತು. ಬರಲಿಲ್ಲ. ಕೈ ಒರೆಸಿಕೊಂಡು ರಬ್ಬರನ್ನು ಅವಳ ಮುಂದೆ ಹಿಡಿದ.

"ಸರಿಯಾಗಿ ಕತ್ತರಿಸಿದ್ರೆ ಕೊನೇಲಿ ಎಳೆದು ಸೇರಿಸ್ಬೇಕಾಗುತ್ತೆ. ಎಳೆದು ಕೂರಿಸಿದ ರಬ್ಬರ್ ಆರು ತಿಂಗಳಿಗೆ ವಾಪಸ್ ಹೋಗುತ್ತೆ, ಮೂಲೆ ಬಾಯಿ ಬಿಡುತ್ತೆ. ಎರಡು ಸೆಂಟಿಮೀಟರ್ ಜಾಸ್ತಿ ಇಟ್ಟು ಒತ್ತಿ ಕೂರಿಸಿದ್ರೆ, ಅಲ್ಲೇ ಇರುತ್ತೆ."

ಧನ್ಯಶ್ರೀ ಕ್ಯಾಲಿಪರನ್ನು ಬ್ಯಾಗಿಗೆ ಹಾಕಿಕೊಂಡಳು. ಹಿಗ್ಗಿಸಿದ ರಬ್ಬರ್ ಕುಗ್ಗುವುದನ್ನು ಅವಳು ಎಂಎಸ್ಸಿಯಲ್ಲಿ ಐದು ಅಂಕಕ್ಕೆ ಬರೆದಿದ್ದಳು. ಅದನ್ನೇ ಯಾವ ಪುಸ್ತಕವೂ ಇಲ್ಲದೆ ತಿಳಿದುಕೊಂಡ ಕೈಗಳನ್ನು ನೋಡಿರಲಿಲ್ಲ.

ಪಕ್ಕದಲ್ಲಿ ನಿಂತಿದ್ದ ಅಪ್ಪ ವೆಂಕಟಸ್ವಾಮಿ ಗಂಟಲು ಸರಿಮಾಡಿಕೊಂಡರು. "ನೋಡಪ್ಪಾ ಮಧುಕುಮಾರ್, ಇವಳು ಹೀಗೇ. ಅನ್ನಕ್ಕೆ ಉಪ್ಪೂ ಗ್ರಾಂ ಲೆಕ್ಕ. ನನ್ನ ಪದ್ಮಿನಿ ಒಳಗೆ ನೀರು ಬರ್ದೇ ಇದ್ರೆ ಸಾಕು. ಮೊನ್ನೆ ಗಾಡಿ ತೊಳೆದೆ, ಕಾಲ ಕೆಳಗೆ ಮೀನು ಸಾಕ್ಬಹುದಿತ್ತು!"

ಪದ್ಮಿನಿ 1984ರ ಕಾರು. ಕಿಟಕಿ, ಬಾಗಿಲುಗಳ ರಬ್ಬರೆಲ್ಲ ಒಣಗಿ, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು.

"ಒಂದು ಶನಿವಾರಕ್ಕೆ ಒಂದೊಂದು ಭಾಗ ಮಾಡ್ತೀನಿ ಸಾರ್," ಎಂದ ಮಧುಕುಮಾರ್. ಆಮೇಲೆ ಅವಳ ಕಡೆ ತಿರುಗಿ, "ಅಳೆಯೋಕೆ ಮೇಡಂ ಬರ್ಬಹುದು," ಎಂದ.

ಅವಳು ಬಂದಳು.

ರಾಜಾಜಿನಗರದಲ್ಲಿ ಹತ್ತಿ, ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ, ಪ್ರತಿ ಶನಿವಾರ ಬಂದಳು. ಮೊದಲ ಸಲ, ಅಳೆಯಲಿಕ್ಕೆ. ಮೂರನೆಯ ಸಲ ಬ್ಯಾಗಿನಲ್ಲಿ ಕ್ಯಾಲಿಪರ್ ಇರಲಿಲ್ಲ ಎನ್ನುವುದು ಶೆಡ್ಡಿಗೆ ಬಂದ ಮೇಲೆ ಗೊತ್ತಾಯಿತು!

ಬೇರೆಯವರ ಅಳತೆಯ ಉಪಕರಣಗಳು ಎಷ್ಟು ಸುಳ್ಳು ಹೇಳುತ್ತವೆ ಎಂದು ಪರೀಕ್ಷಿಸುವುದೇ ಅವಳ ಕೆಲಸ. ಅಂಥ ಒಂದು ಪ್ರಯೋಗಾಲಯದಲ್ಲಿ ಏಳು ವರ್ಷ ಕಳೆದಿದ್ದಳು. ಮನುಷ್ಯರನ್ನೂ ಹಾಗೇ ನೋಡುವ ಅಭ್ಯಾಸ ಬಿದ್ದಿತ್ತು. ಇವನಲ್ಲಿ ಮಾತ್ರ ತಪ್ಪು ಸಿಗುತ್ತಿರಲಿಲ್ಲ. ಅದೇ ಅವಳಿಗೆ ಭಯ.

ಪ್ರತಿ ಬಾಗಿಲು ಮುಗಿದಾಗಲೂ ಅವನು ಒಂದು ಚೂರು ಕಾಗದ ಸಂದಿಯಲ್ಲಿಟ್ಟು ಬಾಗಿಲು ಮುಚ್ಚುತ್ತಿದ್ದ. ಕಾಗದ ಸುಲಭವಾಗಿ ಈಚೆ ಬಂದರೆ ರಬ್ಬರ್ ಕೂತಿಲ್ಲ ಎಂದು ಅರ್ಥ.

"ಎಳೀರಿ. ಬರ್ತಿದೆಯಾ?"

"ಬರ್ತಿದೆ… ಆದರೆ ಮನಸ್ಸಿಲ್ಲದೆ."

ಅವನು ಜೋರಾಗಿ ನಕ್ಕುಬಿಟ್ಟ. "ಹಾಗಿದ್ರೆ ಪಾಸ್!"

ಶೆಡ್ಡಿಗೆ ಅಂಟಿಕೊಂಡ ಮನೆಯಿಂದ ಅವನ ತಾಯಿ ಮುನಿಲಕ್ಷ್ಮಮ್ಮ ಕಾಫಿ ತರುತ್ತಿದ್ದರು. "ಅಳತೆ ಹುಡುಗಿ ಬಂದ್ಳೇನೋ? ಒಂದ್ ಲೋಟಕ್ಕೆ ಸಕ್ರೆ ಎಷ್ಟು ಅಂತ ಅವಳೇ ಹಾಕ್ಕೊಳ್ಲಿ ಕಣಪ್ಪಾ, ನಂಗೆ ಹೆದ್ರಿಕೆ!"

ಅಷ್ಟರಲ್ಲಿ ಆಫೀಸಿನಿಂದ ಒಂದು ಮಾತು ಬಂತು. ಹುಬ್ಬಳ್ಳಿಯ ಶಾಖೆಗೆ ಒಬ್ಬರು ಬೇಕು, ಮೂರು ವರ್ಷಕ್ಕೆ. ಮಾರ್ಚ್ 17ರೊಳಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು.

ಜನವರಿಯಲ್ಲಿ ಕೇಳಿದ್ದರೆ ಮರುಯೋಚನೆ ಇಲ್ಲದೆ ಹೂಂ ಅನ್ನುತ್ತಿದ್ದಳು. ಈಗ ಪ್ರತಿ ಶನಿವಾರಕ್ಕೂ ಒಂದು ಮುಖ ಇತ್ತು…

'ಕೇಳಿಬಿಡಬೇಕು. ಒಂದೇ ಸಲ. ಅವನು ಹೂಂ ಅಂದರೆ ಇಲ್ಲೇ ಇರ್ತೀನಿ. ಇಲ್ಲ ಅಂದರೆ ಹುಬ್ಬಳ್ಳಿ.'

ಮಾರ್ಚ್ 8. ಉಳಿದಿದ್ದು ಕಾರಿನ ಮುಂಭಾಗದ ದೊಡ್ಡ ಗಾಜು ಮಾತ್ರ. ಅದನ್ನು ಒಬ್ಬರೇ ಕೂರಿಸಲು ಆಗದು.

ಮಧುಕುಮಾರ್ ಗಾಜಿಗೆ ರಬ್ಬರ್ ತೊಡಿಸಿ, ಅದರ ಸೀಳಿನ ಸುತ್ತ ಒಂದು ನೈಲಾನ್ ದಾರ ಓಡಿಸಿದ್ದ. ಒಳಗೆ ಕೂತವರು ದಾರ ಎಳೆಯಬೇಕು, ಹೊರಗೆ ನಿಂತವರು ಗಾಜನ್ನು ಅಂಗೈಯಿಂದ ಒತ್ತಬೇಕು. ಆಗ ರಬ್ಬರಿನ ತುಟಿ ತಗಡಿನ ಮೇಲೆ ಹತ್ತಿ ಕೂರುತ್ತದೆ.

"ನಾನು ಎಳೆದ ಕಡೆಗೇ ನಿಮ್ಮ ಕೈ ಬರ್ಬೇಕು," ಎಂದು ಅವನು ಒಳಗೆ ಕೂತ. ಪಕ್ಕದ ಶೆಡ್ಡಿನಲ್ಲಿ ಗ್ರೈಂಡರ್ ಕಿರುಚುತ್ತಾ ಕಿಡಿ ಹಾರಿಸುತ್ತಿತ್ತು. ಕಾರಿನ ಬಾಗಿಲು, ಕಿಟಕಿ ಎಲ್ಲ ಮುಚ್ಚಿಕೊಂಡ.

ಗಾಜಿನ ಆಚೆ ಅವನ ಕೈ. ಈಚೆ ಅವಳ ಕೈ. ದಾರ ಒಂದು ಇಂಚು ಸರಿದರೆ ಕೈಗಳೂ ಒಂದು ಇಂಚು. ನಡುವೆ ಐದು ಮಿಲಿಮೀಟರ್ ಗಾಜು, ಆದರೂ ಅವನ ಅಂಗೈಯ ಬಿಸಿ ತಾಕಿದ ಹಾಗೆ!

ಮೇಲಿನ ಮೂಲೆಗೆ ಬಂದಾಗ ಅವನು ತಲೆಯೆತ್ತಿ ನೋಡಿದ. ಅವಳ ಧೈರ್ಯವೆಲ್ಲ ಒಂದೇ ಸಲ ಬಾಯಿಗೆ ಬಂತು.

"ಮಧು… ನಮ್ಮಿಬ್ಬರ ವಿಷಯ ಅಪ್ಪನ ಹತ್ರ ಮಾತಾಡ್ಲಾ?"

ಅವನು ಜೋರಾಗಿ ತಲೆಯಾಡಿಸಿದ. ಮುಖದಲ್ಲಿ ಗಾಬರಿ. ಗಾಜು ದಾಟಿ ಕೇಳಿಸಿದ್ದು ಎರಡೇ ಅಕ್ಷರ.

"…ಬೇಡಿ!"

ಅವಳು ಗಾಜಿನಿಂದ ಕಣ್ಣು ಕೆಳಗಿಳಿಸಿದಳು.

ಬೇಡ ಅಂದ. ಅದೂ ಬಹುವಚನದಲ್ಲಿ, ಮರ್ಯಾದೆಯಾಗಿ.

ಕೆಲಸ ಮುಗಿಯುವವರೆಗೆ ಕೈ ತೆಗೆಯಲಿಲ್ಲ. ಮುಗಿದ ಮೇಲೆ ಕಾಫಿಗೂ ನಿಲ್ಲಲಿಲ್ಲ.

"ಯಾಕೆ ಮೇಡಂ, ಅಮ್ಮ ಲೋಟ ಇಟ್ಟಾಗಿದೆ…"

"ಕೆಲಸ ಇದೆ."

ಮರುದಿನ ಅಪ್ಪ ಒಬ್ಬರೇ ಹೋಗಿ ಕಾರು ತಂದರು. ಮಧುಕುಮಾರ್ ನಾಲ್ಕು ಸಲ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಎತ್ತಿ ಏನು ಕೇಳುವುದು? ಅದೇ ಉತ್ತರವನ್ನು ಇನ್ನೊಮ್ಮೆಯಾ? ಸೋಮವಾರ ಆಫೀಸಿನಲ್ಲಿ, ಹುಬ್ಬಳ್ಳಿಗೆ ಹೋಗುತ್ತೇನೆಂದು ಬಾಯಿಮಾತಿನಲ್ಲಿ ಒಪ್ಪಿಕೊಂಡಳು. ಪತ್ರ ಮಾತ್ರ ಮೇಜಿನ ಮೇಲೇ ಇತ್ತು. ದಿನವೂ ಪೆನ್ನಿನ ಮುಚ್ಚಳ ತೆಗೆಯುವಳು, ಹಾಕುವಳು.

ಮಾರ್ಚ್ 15, ಶನಿವಾರ. ರಾಜಾಜಿನಗರದ ಮನೆಯ ಗೇಟಿನ ಸದ್ದು.

"ನೀರಿನ ಪರೀಕ್ಷೆ ಬಾಕಿ ಸಾರ್. ರಬ್ಬರಿಗೆ ಹಾಕಿದ ಅಂಟು ಒಣಗೋಕೆ ಒಂದು ವಾರ ಬೇಕಿತ್ತು."

ಅವನ ದನಿ. ಅಡುಗೆಮನೆಯಲ್ಲಿ ಅವಳ ಕೈಯ ಸೌಟು ಹಾಗೇ ನಿಂತಿತು.

"ಧನ್ಯಾ! ಬಾರಮ್ಮಾ, ಕಾರಿನೊಳಗೆ ಕೂತು ನೀರು ಬರುತ್ತಾ ನೋಡು. ನನ್ನ ಮಂಡಿ ಬಗ್ಗಲ್ಲ," ಎಂದು ಅಪ್ಪ ಕೂಗಿದರು. ಕೂಗಿ, ಟ್ಯಾಂಕಿನ ವಾಲ್ವ್ ತಿರುಗಿಸುವ ನೆಪದಲ್ಲಿ ತಾರಸಿಗೆ ಹೊರಟೇಬಿಟ್ಟರು.

ಅವಳು ಅವನ ಮುಖ ನೋಡದೆ ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡಳು. ಲೋಕದ ಸದ್ದೆಲ್ಲ ನಿಂತುಹೋಯಿತು. ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದ!

ಅವನು ಪೈಪು ಹಿಡಿದ. ನೀರು ಗಾಜಿನ ಮೇಲೆ ಹಾಳೆಯಂತೆ ಇಳಿಯಿತು. ಹಿಂದೆ ಅವನ ಮುಖ ಕರಗಿದಂತೆ ಕಾಣುತ್ತಿತ್ತು. ಸೊರಗಿದ್ದಾನಾ? ಅಥವಾ ನೀರಿನ ಭ್ರಮೆಯಾ?

ಕೆಳಗಿನ ಮೂಲೆಯಲ್ಲಿ ಒಂದೇ ಒಂದು ಹನಿ ಮೂಡಿತು. ಅವಳು ಬಟ್ಟೆ ಎತ್ತಿಕೊಂಡಳು.

ಹೊರಗೆ ಅವನು ಗಾಬರಿಯಿಂದ ತಲೆಯಾಡಿಸಿದ.

"…ಬೇಡಿ!"

ಧನ್ಯಶ್ರೀಯ ಕೈ ಗಾಳಿಯಲ್ಲೇ ನಿಂತಿತು.

ಅದೇ ತಲೆಯಾಟ. ಅದೇ ಗಾಬರಿ. ಅದೇ ಎರಡು ಅಕ್ಷರ. ಆದರೆ ಈ ಸಲ ಅವಳು ಏನನ್ನೂ ಕೇಳಿರಲಿಲ್ಲ!

ಕೇಳಿದರೂ ಕೇಳದಿದ್ದರೂ ಉಪಕರಣ ಒಂದೇ ಉತ್ತರ ಕೊಟ್ಟರೆ, ಅನುಮಾನ ಪಡಬೇಕಾದದ್ದು ಉಪಕರಣವನ್ನು. ಏಳು ವರ್ಷದಿಂದ ಇದನ್ನೇ ಅಲ್ಲವೇ ಮಾಡುತ್ತಿದ್ದುದು? ತನ್ನ ಕಿವಿಯನ್ನು ಮಾತ್ರ ಪರೀಕ್ಷಿಸಲಿಲ್ಲ…

ಬಾಗಿಲು ತೆಗೆದರೆ ಅವನೆದುರು ನಿಲ್ಲಬೇಕು. ಅಷ್ಟು ಧೈರ್ಯ ಇನ್ನೂ ಬಂದಿರಲಿಲ್ಲ. ಕಿಟಕಿಯ ಹಿಡಿ ತಿರುಗಿಸಿದಳು. ಹೊಸ ರಬ್ಬರಿನ ಬಿಗಿಗೆ ಗಾಜು ಸ್ವಲ್ಪ ಇಳಿದು ನಿಂತುಬಿಟ್ಟಿತು.

"ಈಗ ಏನಂದ್ರಿ?"

ಅವನು ಪೈಪು ಬಿಸುಟು ಹತ್ತಿರ ಬಂದ. "ಒರೆಸ್ಬೇಡಿ ಅಂದೆ. ಹನಿ ಎಲ್ಲಿಂದ ಬಂತು ಅಂತ ನೋಡ್ಬೇಕಲ್ಲ."

"ಮತ್ತೆ… ಅವತ್ತು? ಆ ಮುಂಭಾಗದ ಗಾಜು ಕೂರಿಸ್ತಿದ್ದಾಗ?"

"ಅವತ್ತಾ? ಬಿಡ್ಬೇಡಿ ಅಂದೆ! ಮೇಲಿನ ಮೂಲೆಯಿಂದ ನಿಮ್ಮ ಎಡಗೈ ಜಾರ್ತಿತ್ತು. ಗಾಜು ನಿಮ್ಮ ಕಾಲ ಮೇಲೆ ಬಿದ್ದಿದ್ರೆ?"

ಅವಳು ಕಣ್ಣು ಮುಚ್ಚಿಕೊಂಡಳು. ನಗು ಬಂತೋ, ಅಳು ಬಂತೋ, ಅವಳಿಗೇ ತಿಳಿಯಲಿಲ್ಲ.

"ಯಾಕೆ ಮೇಡಂ? ನಾನು ತಪ್ಪೇನಾದ್ರೂ… ನಾಲ್ಕು ಸಲ ಫೋನ್ ಮಾಡ್ದೆ. ಗಾಡಿ ಕೆಲಸ ಮುಗೀತು, ಇನ್ನು ನಾಯಂಡಹಳ್ಳಿ ಯಾಕೆ ಬೇಕು ಇವರಿಗೆ ಅಂತ ಸುಮ್ಮನಾದೆ."

"ಅವತ್ತು ನಾನೊಂದು ಮಾತು ಕೇಳಿದ್ದೆ, ಮಧು. ನೀವು ಬೇಡಿ ಅಂದ ಹಾಗೆ ಕೇಳಿಸ್ತು."

"ಏನು ಕೇಳಿದ್ರಿ?"

ಅವಳು ಕಿಟಕಿಯ ಸಂದಿಗೆ ಮುಖ ತಂದಳು. ಹೇಳಿದಳು, ಒಂದಕ್ಷರವೂ ಬಿಡದೆ. "ನಮ್ಮಿಬ್ಬರ ವಿಷಯ ಅಪ್ಪನ ಹತ್ರ ಮಾತಾಡ್ಲಾ ಅಂತ."

ಪೈಪಿನ ನೀರು ಅವನ ಚಪ್ಪಲಿಯ ಮೇಲೆ ಹರಿಯುತ್ತಿತ್ತು. ಅವನಿಗೆ ಗೊತ್ತಾಗಲಿಲ್ಲ.

"ನಿಮ್ಮ ಗಾಡಿಯದ್ದು ಎರಡು ದಿನದ ಕೆಲಸ," ಎಂದ ಕೊನೆಗೆ, ಮೆಲ್ಲಗೆ. "ಐದು ಶನಿವಾರ ಮಾಡ್ದೆ. ಅಮ್ಮ ಬೈದ್ರೂ ಕೇಳಲಿಲ್ಲ. ಇನ್ನೇನು ಹೇಳ್ಲಿ ನಾನು?"

"ಎರಡು ದಿನದ್ದಾ?!"

"ಸಾರ್‌ಗೂ ಗೊತ್ತಿತ್ತು ಅನ್ಸುತ್ತೆ. ಒಂದಿನಾನೂ ಬೇಗ ಕೊಡು ಅಂತ ಕೇಳಲಿಲ್ಲ."

ಅವಳು ನಕ್ಕಳು. ನಗುತ್ತಲೇ ಕಣ್ಣು ತುಂಬಿತು. "ನಾಡಿದ್ದು ಸೋಮವಾರ ಆಫೀಸಿನ ಹುಬ್ಬಳ್ಳಿ ವರ್ಗಾವಣೆ ಪತ್ರಕ್ಕೆ ಸಹಿ ಹಾಕ್ಬೇಕಿತ್ತು. ಮೂರು ವರ್ಷ."

ಅವನ ಮುಖ ಬಿಳಿಚಿಕೊಂಡಿತು. ಆದರೂ ತಡೆದು ತಡೆದು ಕೇಳಿದ, "ಆ ಕೆಲಸ ಇಷ್ಟಾನಾ ನಿಮಗೆ? ಇಷ್ಟ ಇದ್ರೆ ಹೋಗಿ. ಶನಿವಾರ ನಾನು ರೈಲು ಹತ್ತಿ ಬರ್ತೀನಿ. ನನ್ನಿಂದ ದೂರ ಹೋಗೋಕೆ ಅಂತ ಆದ್ರೆ ಮಾತ್ರ ಹೋಗ್ಬೇಡಿ…"

"ಕೆಲಸದ ಆಸೆಗೆ ಒಪ್ಪಿದ್ದಲ್ಲ," ಎಂದಳು. "ಸಹಿ ಹಾಕಲ್ಲ. ಇಲ್ಲೇ ಇರ್ತೀನಿ."

ತಾರಸಿಯಿಂದ ಅಪ್ಪನ ದನಿ: "ಏನ್ರಪ್ಪಾ, ವಾಲ್ವ್ ಮುಚ್ಲಾ? ಟ್ಯಾಂಕ್ ಖಾಲಿ ಆಗ್ತಿದೆ!"

"ಕೆಳಗೆ ಬನ್ನಿ ಸಾರ್," ಎಂದು ಮಧುಕುಮಾರ್ ಮೇಲೆ ನೋಡಿ ಕೂಗಿದ. "ನಾವಿಬ್ರೂ ನಿಮ್ಮ ಹತ್ರ ಒಂದು ಮಾತಾಡ್ಬೇಕು!"

"ನಾವಿಬ್ರೂ" ಎಂಬ ಮಾತು ಪೂರ್ತಿಯಾಗಿ, ಸ್ಪಷ್ಟವಾಗಿ ಅವಳಿಗೆ ಕೇಳಿಸಿತು.

"ಮೇಡಂ ಅನ್ನೋದು ಯಾವಾಗ ಬಿಡ್ತೀರಿ?"

"ಈಗ್ಲೇ… ಧನ್ಯಾ."

ಅವಳು ಕಿಟಕಿಯ ಸಂದಿಯಿಂದ ಬೆರಳುಗಳನ್ನು ಹೊರಗೆ ಚಾಚಿದಳು. ಅವನು ಒದ್ದೆ ಕೈಯಲ್ಲೇ ಹಿಡಿದುಕೊಂಡ.

ಗಾಜು ಇಳಿದಿದ್ದು ನಾಲ್ಕು ಸೆಂಟಿಮೀಟರ್. ಬೆರಳುಗಳಿಗೆ ಅಷ್ಟು ಸಾಕಿತ್ತು.