ಕರಿಘಟ್ಟದ ಮೆಟ್ಟಿಲ ಮೇಲಿನ ಬೆನ್ನು

ಶ್ರೀರಂಗಪಟ್ಟಣದ ಕೋಟೆಯೊಳಗಿನ ನಮ್ಮ ಮನೆಗೆ ಬರುವವರು ಸಾಮಾನ್ಯವಾಗಿ ಕಳೆದುಹೋದ ವಸ್ತುವನ್ನೋ ಓಡಿಹೋದ ಮನುಷ್ಯನನ್ನೋ ಹುಡುಕಿಕೊಡಿ ಎನ್ನುತ್ತಿದ್ದರು. ಸಹನ ಬಂದದ್ದು ಅಂಥದ್ದಕ್ಕಲ್ಲ. ತನ್ನ ಕಾಯಿಲೆ ನಿಜವೆಂದು ತೋರಿಸಿಕೊಡಬೇಕೆಂದು ಅವಳು ಬೇಡಿದಳು.

ಮನೆ ಚೌಡಯ್ಯನವರದು. ಪೊಲೀಸ್ ಇಲಾಖೆಯಲ್ಲಿ ಛಾಯಾಗ್ರಾಹಕರಾಗಿದ್ದು ಅವರು ನಿವೃತ್ತರಾದ ಮೇಲೆ, ಸುತ್ತಲಿನ ತಾಲ್ಲೂಕುಗಳಲ್ಲಿ ಬಗೆಹರಿಯದೆ ಉಳಿದ ಸಂಗತಿಗಳು ಒಂದೊಂದಾಗಿ ಅವರ ಜಗಲಿಗೆ ಬರತೊಡಗಿದ್ದವು. ಭೌತಶಾಸ್ತ್ರದ ಪದವಿ ಮುಗಿಸಿದ್ದ ನಾನು ಅವರ ಮಹಡಿಯ ಕೋಣೆಗೆ ಬಾಡಿಗೆಗೆ ಬಂದವನು ಕ್ರಮೇಣ ಅವರ ಸಹಾಯಕನಾಗಿದ್ದೆ.

ಸಹನಳ ಜೊತೆ ತಾಯಿ ಚಿಕ್ಕಬೋರಮ್ಮನೂ ಸೋದರಮಾವ ಚಲುವಯ್ಯನೂ ಪಾಂಡವಪುರದಿಂದ ಬಂದಿದ್ದರು. ಅವಳು ಬಲಗೈಯಲ್ಲಿ ಊರುಗೋಲು ಹಿಡಿದು, ಎಡಪಾದವನ್ನು ನೆಲಕ್ಕೆ ಸವರುತ್ತ ನಡೆದು ಬಂದು ಕುಳಿತಳು. ನರಗಳ ಮೇಲಿನ ಹೊದಿಕೆಯನ್ನು ದೇಹವೇ ಸವೆಸಿಹಾಕುವ ಕಾಯಿಲೆ ಅವಳದು. ಅದು ಬರುತ್ತದೆ, ಸ್ವಲ್ಪ ಹಿಂದೆಗೆಯುತ್ತದೆ, ಮತ್ತೆ ಬರುತ್ತದೆ. ಕೆಲವು ವಾರ ಎಡಗಾಲು ಇದೆಯೆಂಬುದೇ ಅವಳಿಗೆ ತಿಳಿಯುವುದಿಲ್ಲ. ಕೆಲವು ದಿನ ಬೀದಿಯಲ್ಲಿ ಕಂಡವರಾರೂ ಅವಳನ್ನು ರೋಗಿಯೆಂದು ಗುರುತಿಸಲಾರರು.

ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದವಳು ಕೊನೆಯ ವರ್ಷದಲ್ಲಿ ಓದು ಬಿಟ್ಟಳು. ಓದು ನಿಂತರೂ ಶಿಕ್ಷಣ ಸಾಲ ನಿಲ್ಲಲಿಲ್ಲ. ಅಂಗವಿಕಲತೆಯ ಪ್ರಮಾಣಪತ್ರದ ಮೇಲೆ ಬರುತ್ತಿದ್ದ ಮಾಸಾಶನ ಔಷಧಿಯ ಒಂದು ಪಾಲಿಗೆ ಆಗುತ್ತಿತ್ತು. ಆ ಪತ್ರದ ಅವಧಿ ಈಗ ಮುಗಿದಿತ್ತು. ಅದು ನವೀಕರಣವಾದರೆ ಕಂತುಗಳನ್ನು ಮುಂದೂಡುವಂತೆ ಮೇಲಿನ ಕಚೇರಿಗೆ ಬರೆಯುವುದಾಗಿ ಬ್ಯಾಂಕಿನ ವ್ಯವಸ್ಥಾಪಕರು ಹೇಳಿದ್ದರು. ಇಲ್ಲವಾದರೆ ನೋಟಿಸು ಜಾಮೀನು ನಿಂತ ಚಲುವಯ್ಯನ ಮನೆಗೆ ಹೋಗುತ್ತಿತ್ತು. ನವೀಕರಣಕ್ಕೆ ವೈದ್ಯಕೀಯ ಮಂಡಳಿ ಅಂಗವಿಕಲತೆಯನ್ನು ಶೇಕಡಾ ನಲವತ್ತಕ್ಕಾದರೂ ನಿಗದಿ ಮಾಡಬೇಕಿತ್ತು. ಇಷ್ಟರಲ್ಲಿ ಮಂಡಳಿಗೆ ಒಂದು ಮೂಗರ್ಜಿ ಬಂದಿತು. ಅದರ ಜೊತೆ ಒಂದು ಛಾಯಾಚಿತ್ರವಿತ್ತು.

ಸಹನ ಅದರ ಜೆರಾಕ್ಸ್ ಪ್ರತಿಯನ್ನು ಮೇಜಿನ ಮೇಲಿಟ್ಟಳು. ಕರಿಘಟ್ಟದ ಬೆಟ್ಟದ ಗುಡಿಯ ಮೆಟ್ಟಿಲುಗಳನ್ನು ಏರುತ್ತಿರುವ ಒಬ್ಬ ಹೆಣ್ಣಿನ ಬೆನ್ನು ಅದರಲ್ಲಿ ಕಾಣುತ್ತಿತ್ತು. ಚೂಡಿದಾರ, ತಲೆಯ ಮೇಲೆ ಎಳೆದುಕೊಂಡ ದುಪಟ್ಟಾ, ಬರಿಗಾಲು, ಎಡಗೈಯಲ್ಲಿ ಒಂದು ಕೋಲು. ಯಾರೋ ಆ ಕೋಲಿನ ಸುತ್ತ ಪೆನ್ಸಿಲಿನಿಂದ ವೃತ್ತ ಎಳೆದಿದ್ದರು.

"ಇದು ನೀನೇನಮ್ಮಾ?" ಎಂದು ಚೌಡಯ್ಯನವರು ಕೇಳಿದರು.

"ಬಟ್ಟೆ ನಂದು ಸಾರ್. ಕೋಲೂ ನಂದೇ. ನಾನು ಮಾತ್ರ ಅಲ್ಲ."

"ಯಾರೋ ಕಂಪ್ಯೂಟರ್‌ನಾಗೆ ಮಾಡವ್ರೆ ಬುಡಿ," ಎಂದು ಚಲುವಯ್ಯ ಅವಸರದಿಂದ ನಡುವೆ ಬಾಯಿ ಹಾಕಿದ. "ಈಗ ಸತ್ತೋರ್ನೂ ಕುಣಿಸ್ತಾರೆ."

ಚಿಕ್ಕಬೋರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕುಳಿತಿದ್ದರು. ಹಿಂದಿನ ತಿಂಗಳು ಕಾಯಿಲೆ ಮರುಕಳಿಸಿ ಸಹನ ಮೈಸೂರಿನ ಆಸ್ಪತ್ರೆಯಲ್ಲಿದ್ದಳೆಂದೂ, ಗಾಲಿಕುರ್ಚಿಯಲ್ಲೇ ಕರೆದೊಯ್ದಿದ್ದರಿಂದ ಕೋಲು ಮನೆಯಲ್ಲಿ ಉಳಿದಿತ್ತೆಂದೂ ಅವಳೇ ವಿವರಿಸಿದಳು. ಆದರೆ ಚಿತ್ರದ ಮೇಲೆ ದಿನಾಂಕವಿರಲಿಲ್ಲ. ಯಾರ ಮೇಲಾದರೂ ಅನುಮಾನವೇ ಎಂದು ಕೇಳಿದಾಗ ಲೋಕೇಶನ ಹೆಸರು ಹೇಳಿದಳು. ಊರಿನ ಕಂಪ್ಯೂಟರ್ ಅಂಗಡಿಯಲ್ಲಿ ಅವಳ ಅರ್ಜಿಗಳನ್ನೆಲ್ಲ ತುಂಬಿಕೊಡುತ್ತಿದ್ದವನು ಅವನು. ಒಮ್ಮೆ ಜಗಳವಾಗಿ ಅವಳನ್ನು ಬೀದಿಯಲ್ಲೇ 'ಪಿಂಚಣಿ ಮಹಾರಾಣಿ' ಎಂದಿದ್ದ. ಮಂಡಳಿಯ ವಿಚಾರಣೆ ಮುಂದಿನ ವಾರವಿತ್ತು.

ಮರುದಿನ ನಾವು ಮಂಡಳಿಯ ಕಚೇರಿಗೆ ಹೋದೆವು. ಹಳೆಯ ಪರಿಚಯದ ಗುಮಾಸ್ತರು ಮೂಲಚಿತ್ರವನ್ನು ನೋಡಲು ಬಿಟ್ಟರು. ಲಕೋಟೆಯ ಮೇಲೆ ನಾಗಮಂಗಲದ ಅಂಚೆ ಮುದ್ರೆಯಿತ್ತು. ಚೌಡಯ್ಯನವರು ಚಿತ್ರವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ನನ್ನ ಕೈಗೆ ಕೊಟ್ಟು, ಕಂಡದ್ದನ್ನು ಕಂಡ ಹಾಗೆಯೇ ಹೇಳು ಎಂದರು.

ಜೆರಾಕ್ಸಿನಲ್ಲಿ ಕಾಣದಿದ್ದ ಹಲವು ಸಂಗತಿಗಳು ಅದರಲ್ಲಿದ್ದವು. ಒಣ ಬಿಸಿಲಿತ್ತು, ಆದರೆ ಹೆಂಗಸು ದಾಟಿಬಂದ ಮೆಟ್ಟಿಲುಗಳ ಮೇಲೆ ಒದ್ದೆ ಹೆಜ್ಜೆಗಳಿದ್ದವು. ಪ್ಯಾಂಟಿನ ಅಂಚುಗಳನ್ನು ಹೊರಕ್ಕೆ ಮಡಚಲಾಗಿತ್ತು. ಕೋಲಿನ ಕೆಳತುದಿ ಮೆಟ್ಟಿಲಿಗೆ ತಾಗದೆ ಅವಳ ಎತ್ತಿದ ಹಿಮ್ಮಡಿಯ ಮಟ್ಟದಲ್ಲಿದ್ದರೆ ಹಿಡಿ ಸೊಂಟವನ್ನೂ ದಾಟಿ ಮೇಲೆ ನಿಂತಿತ್ತು. ಬಲಗಡೆಯ ಅಂಚಿನಲ್ಲಿ ನೀಲಿ ಟಾರ್ಪಾಲಿನ ಒಂದು ಚೂರೂ, ತೂಗುಬಿದ್ದ ತುಳಸಿ ಹಾರದ ತುದಿಯೂ ಇದ್ದವು. ಇನ್ನು ಪೆನ್ಸಿಲಿನ ವೃತ್ತ. ಅದರ ಗೆರೆ ಎಲ್ಲೆಡೆ ಒಂದೇ ಸಮನಾಗಿರಲಿಲ್ಲ. ಎರಡು ಪಕ್ಕಗಳಲ್ಲಿ ಪಟ್ಟಿಯಂತೆ ಅಗಲವಾಗಿದ್ದು, ಮೇಲೂ ಕೆಳಗೂ ಕೂದಲೆಳೆಯಷ್ಟು ತೆಳ್ಳಗಾಗಿತ್ತು.

"ಸರಿಯಾಗಿ ನೋಡಿದ್ದೀಯ," ಎಂದರು ಚೌಡಯ್ಯನವರು. ಅವರ ಮುಖದಲ್ಲಿ ಸಂತೋಷವಿರಲಿಲ್ಲ.

ಕರಿಘಟ್ಟದ ಬುಡದಲ್ಲಿ ನಾನು ಚಿತ್ರದ ಕೋನ ಹೊಂದುವವರೆಗೆ ಹಿಂದೆ ಸರಿದೆ. ಸರಿಯುತ್ತ ಸರಿಯುತ್ತ ಒಂದು ಹೂವಿನಂಗಡಿಯ ನೀಲಿ ಟಾರ್ಪಾಲಿನ ಕೆಳಗೆ ಬಂದು ನಿಂತೆ. ಅಂಗಡಿ ಚಲುವಯ್ಯನದು. ಅವನು ನಮ್ಮನ್ನು ಕಂಡು ಕೈಯಲ್ಲಿದ್ದ ಹಾರವನ್ನು ಕಟ್ಟುವುದು ನಿಲ್ಲಿಸಿದ. ಚೌಡಯ್ಯನವರು ಅವನನ್ನು ಏನೂ ಕೇಳದೆ, ಎರಡು ಮೊಳ ಹೂವು ಕೊಂಡು ಹೊರಟರು.

ಲೋಕೇಶ ಅಷ್ಟರಲ್ಲಿ ತನ್ನ ಕಂಪ್ಯೂಟರ್ ಅಂಗಡಿಯನ್ನು ಕೆ.ಆರ್. ಪೇಟೆಗೆ ಸಾಗಿಸಿದ್ದ. ಬಸ್ ನಿಲ್ದಾಣದ ಹಿಂದೆ ಅವನನ್ನು ಹುಡುಕಿದೆವು. ಬೈದದ್ದು ನಿಜವೆಂದು ಅವನು ತಲೆತಗ್ಗಿಸಿ ಒಪ್ಪಿಕೊಂಡ.

"ಆದ್ರೆ ಅಣ್ಣಾ, ಕೆಡಿಸ್ಬೇಕು ಅಂದಿದ್ರೆ ಅರ್ಜಿ ತುಂಬೋವಾಗ್ಲೇ ಕೆಡಿಸ್ತಿರ್ಲಿಲ್ವಾ? ಒಂದು ಅಂಕಿ ತಪ್ಪಾಕಿದ್ರೆ ಸಾಕಿತ್ತು, ಬ್ರಹ್ಮ ಬಂದ್ರೂ ಸರಿಯಾಯ್ತಿರ್ಲಿಲ್ಲ," ಎಂದ. ಚಿತ್ರದ ಪ್ರತಿ ನೋಡಿ ಅವನಿಗೆ ನಗು ಬಂತು. "ಇದೇನು, ಕೈಯಾಗೆ ಸುತ್ತವ್ನೆ? ನಾನಾಗಿದ್ರೆ ಕೆಂಪು ಬಾಣ ಆಕಿ ಕೊಡ್ತಿದ್ದೆ."

ಕೊನೆಗೆ ಪಾಂಡವಪುರದಲ್ಲಿ, ಸಹನಳ ಬೀದಿಯಲ್ಲೇ ಇದ್ದ ಬಡಗಿ ಪುಟ್ಟಸ್ವಾಮಾಚಾರಿಯ ಕೊಟ್ಟಿಗೆಗೆ ಹೋದೆವು. ಊರುಗೋಲನ್ನು ಮಾಡಿಕೊಟ್ಟವನು ಅವನೇ. ಹಿಡಿ ಮಣಿಕಟ್ಟಿಗೆ ಸರಿಹೊಂದುವಂತೆ ಸಹನಳನ್ನು ನಿಲ್ಲಿಸಿ ಅಳತೆ ತೆಗೆದಿದ್ದನಂತೆ. ಚೌಡಯ್ಯನವರು ತಮಗೂ ಒಂದು ಕೋಲು ಬೇಕೆಂದರು. ಅವನು ಕಿವಿಯ ಮೇಲಿದ್ದ ಚಪ್ಪಟೆ ಪೆನ್ಸಿಲು ತೆಗೆದು ಹಲಗೆಯ ಮೇಲೆ ಗುರುತು ಹಾಕಿಕೊಂಡ. ಒಳಗಿನಿಂದ ಕೆಮ್ಮು ಕೇಳಿಸಿತು. ಅವನ ಮಗಳು ಚಿನ್ನು. ಎರಡೂ ಮೂತ್ರಪಿಂಡ ಕೆಟ್ಟಿದ್ದವು. ಡಯಾಲಿಸಿಸ್‌ಗೆ ನಾಗಮಂಗಲಕ್ಕೆ ಕರೆದೊಯ್ಯುತ್ತಿದ್ದ. ಮಾಸಾಶನಕ್ಕೆ ಅರ್ಜಿ ಹಾಕಿದ್ದನೇ ಎಂದು ಚೌಡಯ್ಯನವರು ವಿಚಾರಿಸಿದರು. ಆ ಕಾಯಿಲೆ ಸರ್ಕಾರದ ಪಟ್ಟಿಯಲ್ಲಿಲ್ಲವೆಂದು ಹಿಂದಕ್ಕೆ ಕಳುಹಿಸಿದರಂತೆ.

"ಕಾಲಿಲ್ದಿದ್ರೆ ಕೊಡ್ತಾರಂತೆ, ಉಚ್ಚೆ ನಿಂತೋದ್ರೆ ಕೊಡಕ್ಕಿಲ್ವಂತೆ," ಎಂದು ಅವನು ಹಲಗೆಯನ್ನು ನೋಡುತ್ತಲೇ ಹೇಳಿದ.

ಭಾನುವಾರ ಸಹನಳ ಮನೆಯ ನಡುಮನೆಯಲ್ಲಿ ಎಲ್ಲರೂ ಸೇರಿದರು. ಪುಟ್ಟಸ್ವಾಮಾಚಾರಿಯೂ ಲೋಕೇಶನೂ ಬಂದು ಬಾಗಿಲ ಬಳಿ ನಿಂತಿದ್ದರು. ಸಹನ ಚಾಪೆಯ ಮೇಲೆ ಗೋಡೆಗೊರಗಿ ಕುಳಿತಿದ್ದಳು. ಚೌಡಯ್ಯನವರು ದನಿ ಏರಿಸದೆ ಮಾತು ಆರಂಭಿಸಿದರು.

"ಮೂರು ಪ್ರಶ್ನೆಗಳಿವೆ. ಚಿತ್ರದಲ್ಲಿರುವವರು ಯಾರು, ತೆಗೆದವರು ಯಾರು, ಕಳುಹಿಸಿದವರು ಯಾರು. ಒಬ್ಬರೇ ಎಲ್ಲ ಮಾಡಿದ್ದಾರೆಂದು ಮೊದಲು ನಾನೂ ಎಣಿಸಿದ್ದೆ. ಮೂವರು ಬೇರೆ ಬೇರೆ. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ."

ಚಿತ್ರ ತೆಗೆದದ್ದು ಹೂವಿನಂಗಡಿಯೊಳಗಿನಿಂದ ಎಂಬುದನ್ನು ಅವರು ಟಾರ್ಪಾಲು ಮತ್ತು ಹಾರದ ಮೂಲಕ ವಿವರಿಸಿದರು. ಎಲ್ಲರ ಕಣ್ಣೂ ಚಲುವಯ್ಯನತ್ತ ತಿರುಗಿತು. ಆದರೆ ಪ್ರಮಾಣಪತ್ರ ರದ್ದಾದರೆ ಬ್ಯಾಂಕಿನವರು ಹಿಡಿಯುವುದು ಅವನನ್ನೇ. ಆ ಅರ್ಜಿಯಿಂದ ಅವನಷ್ಟು ನಷ್ಟ ಇನ್ನಾರಿಗೂ ಇರಲಿಲ್ಲ. ಹಾಗಾದರೆ ತೆಗೆದದ್ದೇಕೆ, ಮುಚ್ಚಿಟ್ಟದ್ದೇಕೆ?

ಚಲುವಯ್ಯ ಬಾಯಿಬಿಟ್ಟ. "ನಮ್ಮ ಹುಡ್ಗಿ ಬೆಟ್ಟ ಏರ್ತಾವ್ಳೆ ಅಂದ್ಕೊಂಡೆ ಸ್ವಾಮಿ. ಆಸ್ಪತ್ರೆಯಿಂದ ಬಂದು ಗುಣವಾಗೋಯ್ತೇನೋ ಅಂತ. ಅಂಗಡಿ ತುಂಬ ಜನ, ಬುಟ್ಟು ಓಡಕ್ಕಾಗ್ಲಿಲ್ಲ. ಪೋಟ ತೆಗ್ದು ಆಚಾರ್ರಿಗೆ ಕಳಿಸ್ದೆ. ನೀನು ಮಾಡಿದ ಕೋಲು ನೆಲಕ್ಕೇ ಊರ್ದಂಗೆ ಬೆಟ್ಟ ಏರ್ತೈತೆ ನೋಡ್ಲಾ ಅಂತ. ಆಮ್ಯಾಕೆ ಮೂಗರ್ಜಿ ಬಂದ್ಬುಡ್ತು. ನಾನೇ ತೆಗೆದಿದ್ದು ಅಂದ್ರೆ ಜಾಮೀನಿನಿಂದ ತಪ್ಪಿಸ್ಕೊಳಕ್ಕೆ ಮಾಡ್ದ ಅನ್ನಲ್ವಾ?"

"ಆ ಚಿತ್ರ ಆಚಾರಿಗಳ ಹೊರತು ಇನ್ಯಾರಿಗೂ ಹೋಗಲಿಲ್ಲ," ಎಂದು ಚೌಡಯ್ಯನವರು ಮುಂದುವರಿಸಿದರು. ಕಂಪ್ಯೂಟರ್ ಇದ್ದವನು ಪೆನ್ಸಿಲಿನಿಂದ ವೃತ್ತ ಎಳೆಯುವುದಿಲ್ಲ. ಲೋಕೇಶನ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು. ದುಂಡನೆಯ ಪೆನ್ಸಿಲಿನ ಗೆರೆ ಯಾವ ದಿಕ್ಕಿಗೆ ಎಳೆದರೂ ಹೆಚ್ಚುಕಡಿಮೆ ಒಂದೇ ಅಗಲವಿರುತ್ತದೆ. ಒಂದು ದಿಕ್ಕಿಗೆ ದಪ್ಪ, ಇನ್ನೊಂದು ದಿಕ್ಕಿಗೆ ತೆಳು ಬರುವುದು ಬಡಗಿಯ ಚಪ್ಪಟೆ ಪೆನ್ಸಿಲಿನಲ್ಲಿ. ಅಂಚೆ ಮುದ್ರೆಯಾದರೋ ಅವನು ಮಗಳನ್ನು ಕರೆದೊಯ್ಯುವ ಊರಿನದೇ.

ಪುಟ್ಟಸ್ವಾಮಾಚಾರಿ ಅಲ್ಲಗಳೆಯಲಿಲ್ಲ.

"ಚಿನ್ನೂನ ಮಿಷಿನ್‌ಗೆ ಆಕಿ ಕೂತಿದ್ದೆ. ಆಗ ಬಂತು ಪೋಟ. ಬೆಟ್ಟ ಏರೋಳ್ಗೆ ಕೊಡ್ತಾರೆ, ನನ್ನ ಮಗೀಗೆ ಇಲ್ಲ ಅಂದ್ರು ಅನ್ನಿಸ್ಬುಡ್ತು. ಅಲ್ಲೇ ಪ್ರಿಂಟ್ ಆಕಿಸ್ದೆ, ಅಲ್ಲೇ ಅಂಚೆಗೆ ಆಕ್ದೆ." ಹೆಗಲ ಟವೆಲನ್ನು ಕೈಗೆಳೆದುಕೊಂಡು, "ಕೋಲು ಉದ್ದ ಕಾಣ್ತು. ಅಳತೆ ನಂದೇ ಅಲ್ವಾ, ಗೊತ್ತಾಯ್ತು. ಗೊತ್ತಾದ್ರೂ ಗೊತ್ತಾಗ್ದಂಗೆ ಇದ್ಬುಟ್ಟೆ," ಎಂದ.

ಸಹನ ಅವನನ್ನು ಬಹಳ ಹೊತ್ತು ನೋಡಿದಳು. "ಚಿನ್ನು ಎಂಗವ್ಳೆ ಆಚಾರ್ರೇ?" ಎಂದು ಕೇಳಿದಳು. ಅವನು ಟವೆಲಿನಲ್ಲಿ ಮುಖ ಒರೆಸಿಕೊಂಡ.

ಇನ್ನು ಉಳಿದದ್ದು ಮೊದಲ ಪ್ರಶ್ನೆ. ಸಹನಳ ಮಣಿಕಟ್ಟಿಗೆ ಬರುವ ಹಿಡಿ ಚಿತ್ರದವಳಿಗೆ ಸೊಂಟದ ಮೇಲಿತ್ತು. ಪ್ಯಾಂಟು ಉದ್ದವಾಗಿ ಅಂಚು ಮಡಚಬೇಕಾಯಿತು. ಆಕೆ ಸಹನಳಿಗಿಂತ ಗಿಡ್ಡ. ಎಡಗಾಲು ಕೆಟ್ಟವಳು ಕೋಲನ್ನು ಬಲಗೈಯಲ್ಲಿ ಹಿಡಿಯುತ್ತಾಳೆ; ಆಕೆ ಎಡಗೈಯಲ್ಲಿ ಹಿಡಿದಿದ್ದಾಳೆ, ಊರಿಲ್ಲ, ಹೊತ್ತಿದ್ದಾಳೆ. ಒಣ ಬಿಸಿಲಿನಲ್ಲಿ ಒದ್ದೆ ಹೆಜ್ಜೆಗಳೆಂದರೆ ಬೆಟ್ಟದ ಬುಡದ ಲೋಕಪಾವನಿ ಹೊಳೆಯಲ್ಲಿ ಮುಳುಗಿ, ಒದ್ದೆಬಟ್ಟೆಯಲ್ಲೇ ಏರುತ್ತಿದ್ದಾಳೆ. "ಅದು ಹರಕೆ. ಸಹನಳ ಬಟ್ಟೆಯೂ ಕೋಲೂ ಇದ್ದದ್ದು ಈ ಮನೆಯೊಳಗೆ. ಹುಟ್ಟಿದಾರಭ್ಯ ಸೀರೆ ಬಿಟ್ಟು ಬೇರೆ ಉಡದವರು ಎಂಬ ಒಂದೇ ಕಾರಣಕ್ಕೆ ನಾವು ಯಾರೂ ಅವರನ್ನು ನೆನೆಯಲಿಲ್ಲ," ಎಂದು ಚೌಡಯ್ಯನವರು ಕೈಮುಗಿದರು. "ಚಿಕ್ಕಬೋರಮ್ಮನವರೇ, ನೀವೇ ಹೇಳಬೇಕು."

ಚಿಕ್ಕಬೋರಮ್ಮ ಮಗಳ ಕಡೆ ನೋಡದೆ ಹೇಳಿದರು. ಸಂತೆಬಾಚಹಳ್ಳಿಯ ಅವರ ತವರಿನಲ್ಲಿ ಒಂದು ನಡವಳಿಕೆಯಿತ್ತಂತೆ. ಕಾಯಿಲೆಯವರು ಬೆಟ್ಟ ಹತ್ತಲಾರದಿದ್ದರೆ, ಅವರು ಕಳಚಿದ ಬಟ್ಟೆಯನ್ನು ಹೆತ್ತವಳು ತೊಟ್ಟು, ಅವರ ಕೋಲನ್ನು ನೆಲಕ್ಕೆ ತಾಗಿಸದೆ ಹೊತ್ತು, ಒದ್ದೆಯಲ್ಲೇ ಏರಬೇಕು. ದೇವರು ಅವಳನ್ನೇ ರೋಗಿಯೆಂದು ತಿಳಿದು ರೋಗವನ್ನು ಅವಳಿಗೆ ವರ್ಗಾಯಿಸುತ್ತಾನೆ. ಮಗಳು ಆಸ್ಪತ್ರೆಯಲ್ಲಿದ್ದಾಗ ಒಂದು ಬೆಳಿಗ್ಗೆ ಬಟ್ಟೆ ತರುವ ನೆಪದಲ್ಲಿ ಅವರು ಬಂದು ಏರಿದ್ದರು.

"ಫಲ ಕಾಣೋವರ್ಗೂ ಬಾಯಿ ಬುಡಬಾರದು. ಬುಟ್ರೆ ಎಲ್ಲಾ ನೀರಾಗೆ ಓದಂಗೆ. ಅದ್ಕೇ ಸುಮ್ಕಿದ್ದೆ ಕಣವ್ವಾ. ನೀನು ನಡೀಲಿ ಅಂತ."

ಸಹನ ತಾಯಿಯ ಕೈಯನ್ನು ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು. ದೇವರನ್ನು ನಂಬಿಸಲು ಹೊರಟ ಹೆಂಗಸು ಮಂಡಳಿಯನ್ನು ನಂಬಿಸಿಬಿಟ್ಟಿದ್ದರು. ಇಂಥ ಅಪರಾಧಕ್ಕೆ ಹೆಸರೇನೆಂದು ನನಗೆ ತಿಳಿಯಲಿಲ್ಲ.

ವಿಚಾರಣೆಯ ದಿನ ನಾವೂ ಹೋದೆವು. ಚಲುವಯ್ಯನ ಫೋನಿನಲ್ಲಿ ಚಿತ್ರದ ದಿನಾಂಕವಿತ್ತು, ಆಸ್ಪತ್ರೆಯ ದಾಖಲೆಯೂ ಇತ್ತು. ಪುಟ್ಟಸ್ವಾಮಾಚಾರಿ ಕೆಲಸ ಬಿಟ್ಟು ಸಾಕ್ಷಿಗೆ ಬಂದಿದ್ದ. ಸೋಲುವ ಕಾರಣವೇ ಇಲ್ಲವೆಂದು ನಾನು ಲೆಕ್ಕ ಹಾಕಿದ್ದೆ.

ಪಡಸಾಲೆಯಲ್ಲಿ ಸಹನ ಚೌಡಯ್ಯನವರನ್ನು ಪಕ್ಕಕ್ಕೆ ಕರೆದಳು. ಅವಳು ಕೋಲು ಊರಿರಲಿಲ್ಲ, ಗೋಡೆಯನ್ನೂ ಹಿಡಿದಿರಲಿಲ್ಲ. ಆಸ್ಪತ್ರೆಯ ಔಷಧಿ ತಡವಾಗಿ ಹಿಡಿದಿರಬೇಕು. ಅಥವಾ ಕಾಯಿಲೆ ತನ್ನ ರೂಢಿಯಂತೆ ಕೆಲವು ದಿನಕ್ಕೆ ಹಿಂದೆಗೆದಿರಬೇಕು.

"ಸಾರ್, ಬೆಳಿಗ್ಗೆಯಿಂದ ಕಾಲು ನಂದೇ ಅನ್ನಿಸ್ತೈತೆ. ಚೆನ್ನಾಗಿ ಬರ್ತೈತೆ. ಇನ್ನೊಂದು ತಿಂಗಳಿಗೆ ಮತ್ತೆ ಓಗುತ್ತೆ, ಗೊತ್ತು. ಈಗ ಒಳಗೆ ಎಂಗೆ ನಡೀಲಿ?"

"ಬಂದ ಹಾಗೆ ನಡೆಯಮ್ಮಾ," ಎಂದಷ್ಟೇ ಹೇಳಿ ಚೌಡಯ್ಯನವರು ಕನ್ನಡಕ ತೆಗೆದರು.

ಒಳಗೆ ಹಿರಿಯ ವೈದ್ಯರು ನಮ್ಮ ದಾಖಲೆಗಳನ್ನೆಲ್ಲ ಸಮಾಧಾನದಿಂದ ಓದಿದರು. ಚಿತ್ರದಲ್ಲಿರುವುದು ಅರ್ಜಿದಾರಳಲ್ಲ ಎಂದು ಒಪ್ಪಿ ಮೂಗರ್ಜಿಯನ್ನು ತಳ್ಳಿಹಾಕಿದರು. ಅವರು ಕೆಟ್ಟವರಲ್ಲ. ಕಾಯಿಲೆ ಬಂದುಹೋಗುವ ಬಗೆಯನ್ನು ಸಹನ ವಿವರಿಸಿದ್ದನ್ನೂ ತಲೆಯಾಡಿಸುತ್ತ ಕೇಳಿದರು. ಆಮೇಲೆ, ತಾವು ಇಂದು ಕಂಡದ್ದನ್ನೇ ಬರೆಯಬೇಕಾಗುತ್ತದೆ ಎಂದು ಹೇಳಿ, ಬಾಗಿಲಿನಿಂದ ಕಿಟಕಿಯವರೆಗೆ ಒಮ್ಮೆ ನಡೆದು ತೋರಿಸಲು ತಿಳಿಸಿದರು.

ಸಹನ ನಡೆದಳು. ಎಡಪಾದ ನೆಲ ಬಿಟ್ಟು ಎದ್ದು, ಹಿಮ್ಮಡಿ ಮೊದಲು ಊರಿ, ಒಂದರ ಹಿಂದೊಂದು ಹೆಜ್ಜೆ ಸರಾಗವಾಗಿ ಬಿದ್ದವು. ಕಿಟಕಿ ಮುಟ್ಟಿ ಅವಳು ತಿರುಗಿದಾಗ ಬಾಗಿಲ ಬಳಿ ನಿಂತಿದ್ದ ಚಿಕ್ಕಬೋರಮ್ಮನ ಎರಡೂ ಕೈಗಳು ತಾವಾಗಿಯೇ ಮೇಲೆದ್ದು ಎದೆಯ ಮುಂದೆ ಕೂಡಿಕೊಂಡವು. ಅದೇ ಕ್ಷಣಕ್ಕೆ ವೈದ್ಯರು ತಲೆ ತಗ್ಗಿಸಿ ನಲವತ್ತಕ್ಕಿಂತ ಬಹಳ ಕೆಳಗಿನ ಒಂದು ಅಂಕಿಯನ್ನು ಬರೆಯತೊಡಗಿದರು. ತಾಯಿಗೆ ಅದು ಕಂಡಿತು. ಜೋಡಿಸಿದ ಕೈಗಳನ್ನು ಇಳಿಸಬೇಕೋ ಬೇಡವೋ ತಿಳಿಯದೆ ಅವರು ಹಾಗೆಯೇ ನಿಂತಿದ್ದರು.