ಮೂರನೇ ಸಲ ಸಡಿಲವಾದ ಸ್ಕ್ರೂ

ಬ್ರೆಡ್ ಮಾರುವವನು ಮನೆಯೂ ಮಾಡಿಕೊಂಡಿದ್ದ ಕ್ಯಾಂಪರ್ ವ್ಯಾನು ಮೂರನೇ ಸಲ ರಿಪೇರಿ ಶೆಡ್ಡಿನ ಮುಂದೆ ಬಂದು ನಿಂತಾಗ ಅವಳ ಎದೆ ಧಸಕ್ಕೆಂದಿತು.

ಅವನು ಬಂದದ್ದಕ್ಕಲ್ಲ. ಅವನನ್ನು ಕಂಡಾಗ ಎದೆಯೊಳಗೆ ಆಗುತ್ತಿದ್ದುದೇ ಬೇರೆ. ಅದನ್ನು ಯಾರಿಗೂ ಗೊತ್ತಾಗದ ಹಾಗೆ ಬಚ್ಚಿಟ್ಟುಕೊಂಡಿದ್ದಳು. ಈ ಕಳವಳ ಕೆಲಸದ್ದು. ಹೊರಗಿನ ಕರೆಂಟನ್ನು ಎಳೆದುಕೊಂಡು, ಬ್ಯಾಟರಿ ತುಂಬಿಸಿ, ವ್ಯಾನಿನ ದೀಪಕ್ಕೂ ಫ್ಯಾನಿಗೂ ನೀರಿನ ಪಂಪಿಗೂ ಹದವಾಗಿ ಹಂಚುವ ಪೆಟ್ಟಿಗೆಯೇ ಕನ್ವರ್ಟರ್. ಹಳೆಯದು ಕೆಟ್ಟರೆ ಎಸೆದು ಹೊಸದು ಹಾಕಿಸಿ ಎನ್ನುವವರೇ ಎಲ್ಲ. ಅವಳು ಮಾತ್ರ ಅದನ್ನು ಬಿಚ್ಚಿ ರಿಪೇರಿಗೆ ಕೂರುತ್ತಿದ್ದಳು. ಅವಳು ಮುಚ್ಚಿದ ಪೆಟ್ಟಿಗೆಯನ್ನು ಮತ್ತೆ ತೆರೆಯುವ ಪ್ರಮೇಯವೇ ಬಂದಿರಲಿಲ್ಲ, ಈ ವ್ಯಾನಿನದೊಂದನ್ನು ಬಿಟ್ಟು.

"ಮತ್ತೆ ದೀಪ ಹತ್ತುತ್ತಿಲ್ಲ," ಎಂದ ಅವನು, ಕಣ್ಣಲ್ಲೇ ನಗುತ್ತ. ಹುಬ್ಬಿಗೆ ಹಿಟ್ಟು ಮೆತ್ತಿಕೊಂಡಿತ್ತು. ಒರೆಸಿಕೊಳ್ಳಿ ಎನ್ನಬೇಕೆನಿಸಿದರೂ ಅವಳು ಸುಮ್ಮನಾದಳು. ನೋಡಲು ಚೆನ್ನಾಗಿತ್ತು.

ಅಪ್ಪ ಅವಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. ವ್ಯಾನುಗಳು ಬೀಡುಬಿಡುವ ಕ್ಯಾಂಪಿನಲ್ಲಿ ಜನ ಮಾತಾಡಿಕೊಳ್ಳುತ್ತಿದ್ದಾರಂತೆ, ಅವಳ ರಿಪೇರಿ ಬಾಳಿಕೆ ಬರುವುದಿಲ್ಲ ಅಂತ. ಇಲ್ಲಿಗೆ ಬರಬೇಕಿದ್ದ ವ್ಯಾನುಗಳು ಹೊಸ ಕನ್ವರ್ಟರ್ ಮಾರುವ ಅಂಗಡಿಯತ್ತ ತಿರುಗಿಕೊಂಡಿವೆಯಂತೆ.

ಅವಳು ಟಾರ್ಚ್ ಹಿಡಿದು ಕನ್ವರ್ಟರ್ ಇದ್ದ ಸೀಟಿನಡಿ ನುಸುಳಿದಳು. ನೆಗೆಟಿವ್ ವೈರು ಕಳಚಿ ನೇತಾಡುತ್ತಿತ್ತು. ಅದನ್ನು ಹಿಡಿದಿಡುವ ಸ್ಕ್ರೂವನ್ನು ಹೋದ ಸಲ ಮಣಿಕಟ್ಟು ನೋಯುವಷ್ಟು ಬಿಗಿದಿದ್ದಳು. ಅಲುಗಿದರೆ ಗೊತ್ತಾಗಲೆಂದು ಮೇಲೆ ಕೆಂಪು ಬಣ್ಣದ ಗೆರೆಯನ್ನೂ ಎಳೆದಿದ್ದಳು. ಈಗ ಬಣ್ಣ ಕೆರೆದುಹೋಗಿ, ಚಾಕುವಿನ ಮೊನೆ ತಾಗಿದ ಕಡೆ ಲೋಹ ಹೊಳೆಯುತ್ತಿತ್ತು.

"ಇದು ತಾನಾಗಿ ಸಡಿಲ ಆಗಿದ್ದಲ್ಲ," ಎಂದಳು ಹೊರಬಂದು. "ಯಾರು ಬಿಚ್ಚಿದ್ದು?"

ಅವನು ಕತ್ತು ಸವರಿಕೊಂಡ. "ನಾನೇ. ಮೂರು ಸಲಾನೂ. ಇನ್ನೇನು ನೆಪ ಹೇಳ್ಕೊಂಡು ಬರ್ಲಿ ನಿಮ್ಮ ಹತ್ರ?"

ಬೇರೆ ಹೊತ್ತಾಗಿದ್ದರೆ ಆ ಮಾತಿಗೆ ಅವಳು ಕರಗಿ ನೀರಾಗುತ್ತಿದ್ದಳು.

"ನಿಮಗಿದು ತಮಾಷೆ. ನನಗಿರೋದು ಈ ಕೈಯ ಹೆಸರೊಂದೇ. ಅದನ್ನೇ ಕೆಡಿಸಿಬಿಟ್ರಿ."

ಸ್ಕ್ರೂ ಬಿಗಿದು, ಮುಚ್ಚಳ ಹಾಕಿ, ಇನ್ನು ಈ ಕಡೆ ಬರಬೇಡಿ ಎಂದಳು. ಅವನು ವ್ಯಾನು ಹತ್ತಿ ಹೊರಟುಹೋದ. ಅವನು ಹೋದ ಮೇಲೆ ಶೆಡ್ಡು ಯಾಕೋ ಬಿಕೋ ಎನ್ನತೊಡಗಿತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಮರುದಿನ ಯಾರದೋ ವೈರಿಂಗ್ ನೋಡಲು ಕ್ಯಾಂಪಿಗೆ ಹೋದರೆ, ಬ್ರೆಡ್ ವ್ಯಾನಿನ ಮುಂದೆ ಉದ್ದ ಸಾಲು. ಒಳಗಿನಿಂದ ಅವನ ದನಿ ಕೇಳುತ್ತಿತ್ತು. ಪ್ರತಿಯೊಬ್ಬರ ಕೈಗೂ ಬ್ರೆಡ್ ಕೊಡುತ್ತ ಒಂದೇ ಮಾತು ಹೇಳುತ್ತಿದ್ದ: "ಶೆಡ್ಡಿನ ಮೇಡಂ ಮಾಡಿದ ರಿಪೇರಿ ಕೆಟ್ಟಿರಲಿಲ್ಲ. ಅವರನ್ನ ನೋಡೋ ಆಸೆಗೆ ನಾನೇ ವೈರ್ ಬಿಚ್ಚಿದ್ದೆ."

"ಹಾಗಾದ್ರೆ ಸ್ಕ್ರೂ ಲೂಸಾಗಿರೋದು ನಿನ್ನ ತಲೇಲಪ್ಪ," ಎಂದಳು ಒಬ್ಬ ಅಜ್ಜಿ. ಸಾಲಿಗೆ ಸಾಲೇ ನಕ್ಕಿತು. ಅವನ ಕಿವಿಯ ತುದಿ ಕೆಂಪಾಯಿತು. ಆದರೂ ಮುಂದಿನವರಿಗೆ ಮತ್ತೆ ಮೊದಲಿನಿಂದ ಹೇಳಿದ.

ಇನ್ನೊಬ್ಬರ ಕೆಲಸದ ಮಾನ ಉಳಿಸಲು ಒಬ್ಬ ಮನುಷ್ಯ ತನ್ನ ಮಾನವನ್ನು ಹೀಗೆ ಬೀದಿಗಿಟ್ಟು ನಿಂತದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಅವನ ಮೇಲೆ ಹೆಮ್ಮೆ ಉಕ್ಕಿ ಬಂತು.

ಅವಳನ್ನು ಕಂಡು, ಬ್ರೆಡ್ ಕೊಡುತ್ತಿದ್ದ ಅವನ ಕೈ ನಿಂತಿತು. "ಇನ್ನೂ ಯಾರಿಗೆ ಹೇಳ್ಬೇಕು ಹೇಳಿ," ಎಂದ.

"ಅಪ್ಪನಿಗೆ."

"ಇದನ್ನೇನಾ?"

"ಇದನ್ನೂ. ಯಾರನ್ನೋ ನೋಡೋ ಆಸೆ ಅಂದ್ರಲ್ಲ, ಆ ಮಾತನ್ನೂ."

ಅರ್ಥವಾಗಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಆಮೇಲೆ ಅರಳಿದ ಆ ಮುಖವನ್ನು ಅವಳು ಈ ಸಲ ಕದ್ದು ನೋಡಲಿಲ್ಲ, ಕಣ್ತುಂಬ ನೋಡಿದಳು.

ಸಾಲಿನಲ್ಲಿದ್ದ ಒಬ್ಬರು, ಹಳೇ ಕನ್ವರ್ಟರ್ ರಿಪೇರಿ ಮಾಡೋರು ನೀವೇನಾ, ನಮ್ಮದನ್ನೂ ಸ್ವಲ್ಪ ನೋಡಿಕೊಡ್ತೀರಾ ಎಂದು ಕೇಳಿದರು.

"ನಾನೇ," ಎಂದಳು ಅವಳು ತಲೆಯೆತ್ತಿ. "ನಾಳೆ ಬೆಳಿಗ್ಗೆ ಶೆಡ್ಡಿಗೆ ತನ್ನಿ. ಇವತ್ತು ಬೇರೆ ಕೆಲಸ ಇದೆ."

ವ್ಯಾನಿನ ಮೆಟ್ಟಿಲು ಹತ್ತಿ ಅವನ ಪಕ್ಕಕ್ಕೆ ಹೋಗಿ ನಿಂತು, ಸಾಲಿನಲ್ಲಿ ಮುಂದಿದ್ದವರನ್ನು ಎಷ್ಟು ಬ್ರೆಡ್ ಬೇಕು ಎಂದು ಕೇಳಿದಳು.